ಕರಡಿ ತಿದ್ದುವವರು ಬೇಕಾಗಿದ್ದಾರೆ

ಅಚ್ಚುಕೂಟದಲ್ಲಿ ಎಲ್ಲರೂ ಅವರನ್ನು ಮಹಾಪ್ರಾಣ ಎಂದೇ ಕರೆಯುತ್ತಿದ್ದರು. ಆಳು ನೋಡಿದರೆ ಒಣಕಲು ಅಲ್ಪಪ್ರಾಣ. ಆದರೆ ಯಾರಾದರೂ ‘ವಿಧ್ಯಾರ್ಥಿ’ ಎಂದು ಬರೆದುಬಿಟ್ಟರೆ ಮುಗಿಯಿತು, ಕೆಂಪು ಪೆನ್ನು ಹಿಡಿದು ಎದ್ದು ನಿಲ್ಲುತ್ತಿದ್ದರು. “ಪಾಪದ ‘ದ’ ಅದು! ಅದಕ್ಕ್ಯಾಕಯ್ಯಾ ಇಷ್ಟು ಉಸಿರು ತುಂಬಿದ್ದೀಯಾ?” ಎಂಬ ಅಬ್ಬರ ಬೀದಿಯ ತನಕ ಕೇಳುತ್ತಿತ್ತು. ಕರಡು ತಿದ್ದುವುದು ಅವರಿಗೆ ಹೊಟ್ಟೆಪಾಡೂ ಹೌದು, ಚಟವೂ ಹೌದು. ಮನೆಗೆ ಬಂದ ಮದುವೆ ಕರೆಯೋಲೆಗಳನ್ನೂ ತಿದ್ದಿ ವಾಪಸು ಕಳಿಸಿ ನೆಂಟರಿಷ್ಟರಲ್ಲಿ ಅರ್ಧದಷ್ಟು ಜನರನ್ನು ಕಳೆದುಕೊಂಡಿದ್ದರು.

ತಪ್ಪು ತಿದ್ದುವ ತಂತ್ರಾಂಶ ಬಂದದ್ದೇ ತಡ, ಮಾಲೀಕರು ಕೈಮುಗಿದು ಬಾಗಿಲು ತೋರಿಸಿದರು. ತಾಯಿಯಿಲ್ಲದ ಮನೆ, ಮಗಳು ಕಾಲೇಜು ಬಿಟ್ಟು ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತಳು. ಅಪ್ಪನಿಗೊಂದು ಕೆಲಸ ಸಿಕ್ಕರೆ ಮತ್ತೆ ಕಾಲೇಜಿಗೆ ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಅವಳು ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ಮಹಾಪ್ರಾಣರು ಅತ್ತ ನೋಡುತ್ತಲೇ ಇರಲಿಲ್ಲ.

ಆನ್‌ಲೈನಿನಲ್ಲಿ ಅರ್ಜಿ ಹಾಕುವ ವಿದ್ಯೆಯನ್ನು ಮಗಳೇ ಕಲಿಸಿದಳು.

“ಅಪ್ಪಾ, ನಿನ್ನ ಬಯೋಡೇಟಾನ ಮನುಷ್ಯರು ಓದಲ್ಲ, ಯಂತ್ರ ಓದುತ್ತೆ. ಜಾಹೀರಾತಲ್ಲಿ ಯಾವ ಪದ ಇದೆಯೋ ಅದೇ ಪದ ಹುಡುಕುತ್ತೆ. ಇಲ್ಲಾಂದ್ರೆ ಎತ್ತಿ ಬಿಸಾಡುತ್ತೆ.”

“ಅವರ ಮಾತನ್ನೇ ಅವರಿಗೆ ಒಪ್ಪಿಸಬೇಕಾ? ಅದಕ್ಕೆ ನಾನ್ಯಾಕೆ, ಗಿಣಿ ಸಾಲದಾ?”

“ಕೆಲಸ ಬೇಕಾ ಬೇಡ್ವಾ?”

ಬೇಕಿತ್ತು. ಹಾಗಾಗಿ ಮಹಾಪ್ರಾಣರು ಒಂದೊಂದು ಕಂಪನಿಗೆ ಒಂದೊಂದು ವೇಷ ಹಾಕಿದರು. ಒಂದು ಕಡೆ ‘ಒತ್ತಡದಲ್ಲೂ ನಗುನಗುತ್ತಾ ದುಡಿಯುವವ’ರಾದರು, ಅವರು ನಕ್ಕಿದ್ದನ್ನು ಅಚ್ಚುಕೂಟದ ಗೋಡೆಗಳೂ ಕಂಡಿರಲಿಲ್ಲ. ಇನ್ನೊಂದು ಕಡೆ, ಮೂರು ಜನಕ್ಕೆ ಚಹಾ ಹೇಳಿದ್ದು ‘ತಂಡ ನಿರ್ವಹಣೆ’ಯಾಯಿತು. ಕಳಿಸಿದ ಮರುಗಳಿಗೆಯಲ್ಲೇ ‘ನಿಮ್ಮ ಅರ್ಜಿಯನ್ನು ಬಹಳ ಗಮನವಿಟ್ಟು ಓದಿದೆವು, ಕ್ಷಮಿಸಿ’ ಎಂಬ ಉತ್ತರ ಬರುತ್ತಿತ್ತು. ಅಷ್ಟು ಬೇಗ ಗಮನವಿಡುವ ಜನರನ್ನು ಅವರು ಜೀವಮಾನದಲ್ಲಿ ನೋಡಿರಲಿಲ್ಲ.

ಕೊನೆಗೆ ಪಠ್ಯಪುಸ್ತಕ ಪ್ರಕಟಿಸುವ ಸಂಸ್ಥೆಯೊಂದರ ಜಾಹೀರಾತು ಕಣ್ಣಿಗೆ ಬಿತ್ತು. ತಮ್ಮದೇ ಕೆಲಸ! ಆ ಹೊತ್ತಿಗೆ ಅವರು ಈ ಆಟದಲ್ಲಿ ಪಳಗಿದ್ದರು. ಫೋನಿನಲ್ಲಿ ಇರುವೆಯಷ್ಟಿದ್ದ ಅಕ್ಷರಗಳ ಮೇಲೆ ಬೆರಳಿಟ್ಟು, ಸಾಲನ್ನು ಇಡಿಯಾಗಿ ಎತ್ತಿ ತಂದು ಬಯೋಡೇಟಾದ ನೆತ್ತಿಗೆ ಅಂಟಿಸಿದರು. ಕೆಳಗೆ ‘ಅಚ್ಚಿನ ತಪ್ಪು ಹಿಡಿಯುವ ಅನುಭವ’ ಎಂದು ಸ್ವಂತ ಬರೆದದ್ದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಿದ್ದಿದರು. ಅಂಟಿಸಿದ್ದು ಪರರ ಸಾಲು, ಅದನ್ನೇನು ಓದುವುದು? ಆ ಸಾಲು ಹೀಗಿತ್ತು: ‘ಕರಡಿ ತಿದ್ದುವುದರಲ್ಲಿ ಪರಿಣತಿ.’

ಎರಡು ದಿನದಲ್ಲಿ ಸಂದರ್ಶನಕ್ಕೆ ಕರೆ ಬಂತು. ಮಹಾಪ್ರಾಣರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಗಾಜಿನ ಕೋಣೆಯಲ್ಲಿ ನೇಮಕಾತಿ ಮೇಡಂ ಎದ್ದು ನಿಂತು ಸ್ವಾಗತಿಸಿದರು. “ಅರ್ಜಿ ರಾಶಿ ಬಿದ್ದಿತ್ತು ಸರ್. ಯಂತ್ರ ಎಲ್ಲಾ ತಳ್ಳಿ ನಿಮ್ಮದೊಂದನ್ನೇ ಆರಿಸಿದೆ. ಯಾಕೆ ಅಂತ ನಮಗೂ ಗೊತ್ತಿಲ್ಲ.”

“ನನಗೆ ಗೊತ್ತು,” ಎಂದರು ಮಹಾಪ್ರಾಣರು, ವಿನಯವನ್ನು ಬಾಗಿಲಾಚೆಯೇ ಬಿಟ್ಟು. “ನನ್ನ ಬಯೋಡೇಟಾ ಓದಿದ್ರಾ?”

“ಯಂತ್ರ ಓದಿದೆಯಲ್ಲಾ ಸರ್, ಮತ್ತೆ ನಾವ್ಯಾಕೆ?” ಎಂದು ಮೇಡಂ, ಪರೀಕ್ಷೆಗೆಂದು ಕೈಗೆ ಸಿಕ್ಕ ಹಾಳೆಯೊಂದನ್ನು ಮುಂದೆ ತಳ್ಳಿದರು. ಅದು ಅದೇ ಜಾಹೀರಾತಿನ ದಪ್ಪಕ್ಷರದ ಪ್ರತಿ.

ಮಹಾಪ್ರಾಣರು ಕನ್ನಡಕ ಏರಿಸಿದರು, ಓದಿದರು, ಗಹಗಹಿಸಿ ನಕ್ಕರು. “ಮೇಡಂ, ಕರಡಿ ತಿದ್ದೋಕೆ ನಾನ್ಯಾಕೆ ಬೇಕು? ಸರ್ಕಸ್‌ನವರನ್ನ ಕರೀರಿ! ಇಷ್ಟು ದೊಡ್ಡ ತಪ್ಪು! ಯಾವ ಮಹಾನುಭಾವ ಕಣ್ಣು ಮುಚ್ಚಿಕೊಂಡು ಬಿಟ್ಟಿದ್ದು ಇದನ್ನ?” ಕೆಂಪು ಪೆನ್ನಿನಿಂದ ಕರಡಿಯ ಗುಡಿಸು ಹಾರಿಸಿ ಕೊಂಬು ಕೊಟ್ಟರು.

“ಅಯ್ಯೋ, ಫೋನಲ್ಲಿ ಟೈಪ್ ಮಾಡಿದ್ದು ನಾನೇ!” ಮೇಡಂ ನಾಲಗೆ ಕಚ್ಚಿಕೊಂಡರು. “ನೀವೇ ಸರ್ ನಮಗೆ ಬೇಕಾದೋರು. ಇವತ್ತೇ ಸರಿ ಮಾಡ್ತೀನಿ. ಜಾಹೀರಾತು ಬದಲಾದ್ರೆ ಇರೋ ಅರ್ಜಿಗಳನ್ನ ಯಂತ್ರ ಇನ್ನೊಂದ್ಸಲ ನೋಡಬೇಕು, ನಿಯಮ. ನಿಮ್ಮದು ಹೇಗೂ ಇದ್ದೇ ಇರುತ್ತೆ.”

ಮಹಾಪ್ರಾಣರು ಮನೆಗೆ ಬಂದವರೇ, “ಅಂಗಡಿಯವರಿಗೆ ಹೇಳಿಬಿಡಮ್ಮ, ಇನ್ನು ಬರಲ್ಲ ಅಂತ,” ಎಂದರು. ಅವಳು ಕುಣಿದಾಡುತ್ತಾ ಹೇಳಿಯೂ ಬಿಟ್ಟಳು.

ಮರುದಿನ ಉತ್ತರ ಬಂತು: ನಿಮ್ಮ ಅರ್ಜಿಯನ್ನು ಬಹಳ ಗಮನವಿಟ್ಟು ಓದಿದೆವು, ಕ್ಷಮಿಸಿ.

ಮಹಾಪ್ರಾಣರು ಮೇಡಂಗೆ ಫೋನ್ ಹಚ್ಚಿದರು. “ನನಗೂ ಬೇಜಾರಾಯ್ತು ಸರ್. ಯಂತ್ರ ಈಗ ‘ಕರಡು’ ಅನ್ನೋ ಪದ ಹುಡುಕ್ತಿದೆ. ನಿಮ್ಮ ಬಯೋಡೇಟಾದಲ್ಲಿ ಆ ಪದಾನೇ ಇಲ್ವಂತೆ. ಬೇರೆಯವರನ್ನ ಕರೆದಾಯ್ತು.”

“ಇಲ್ವಂತೆ ಅಂದ್ರೆ?” ಮಹಾಪ್ರಾಣರು ಗುಡುಗಿದರು. ಅಷ್ಟರಲ್ಲಿ ಮಗಳು ಬಯೋಡೇಟಾ ತೆರೆದು, ಎರಡು ಬೆರಳಿನಿಂದ ಹಿಗ್ಗಿಸಿ ಅವರ ಮೂಗಿನ ಮುಂದೆ ಹಿಡಿದಳು. ನೆತ್ತಿಯ ಮೇಲೆ ಕರಡಿ ಕೂತಿತ್ತು.

ನಾಚಿಕೆಯಿಂದ ಅವರ ಕಿವಿ ಕೆಂಪಾಯಿತು.

“ನಿನ್ನೆ ಅಲ್ಲಿ ಸುಮ್ಮನಿರಬಾರದಿತ್ತಾ ಅಪ್ಪಾ?”

“ತಪ್ಪು ಕಣ್ಣಿಗೆ ಬಿದ್ದ ಮೇಲೆ ಹೇಗಮ್ಮಾ ಸುಮ್ಮನಿರೋದು?”

ಅವಳು ಫೋನ್ ತೆಗೆದುಕೊಂಡು ಅಡುಗೆಮನೆಗೆ ಹೋದಳು. ಮಹಾಪ್ರಾಣರು ಕಿವಿಗೊಟ್ಟು ಕೂತಿದ್ದರು.

“ಸರ್, ನಾನೇ. ನಿನ್ನೆ ಹೇಳಿದ್ದು ತಪ್ಪಾಯ್ತು. ನಾಳೆಯಿಂದ ಮತ್ತೆ ಬರಲಾ?”