ಶುಕ್ರವಾರದ ಕುಣಿತಕ್ಕೆ ಕ್ಲೆಮಾನ್

ಸಾಗೆನೆ ನದಿಯ ದಂಡೆಯ ಆ ಊರಿನಲ್ಲಿ ಗೊದ್ರೋ ಮನೆತನದವರೆಂದರೆ ಸೋಮಾರಿಗಳೆಂದೇ ಲೆಕ್ಕ. ಕೂತಲ್ಲೇ ತೂಕಡಿಸುತ್ತಾರೆ, ಮುಖದಲ್ಲಿ ಕಳೆಯಿಲ್ಲ, ಕಾಲೆಳೆದುಕೊಂಡೇ ನಡೆಯುತ್ತಾರೆ. ಅದು ಸೋಮಾರಿತನವಲ್ಲ, ವಂಶದಲ್ಲಿ ಹರಿದುಬಂದ ನರ-ಸ್ನಾಯುಗಳ ಕಾಯಿಲೆ ಎಂದು ಡಾಕ್ಟರು ಹೇಳುವ ಹೊತ್ತಿಗೆ ಕ್ಲೆಮಾನನ ತಾಯಿ ಗಾಲಿಕುರ್ಚಿಯಲ್ಲೇ ದಿನ ದೂಡಿ ಮಣ್ಣು ಸೇರಿದ್ದಳು. ಆದರೆ ಊರ ಬಾಯಿ ಮುಚ್ಚಿಸುವವರು ಯಾರು?

ಈಗ ಅದೇ ಕಾಯಿಲೆ ಕ್ಲೆಮಾನನಿಗೂ ಬಂದಿದೆ. ಮದುವೆಯಾಗದೆ ಐವತ್ತು ದಾಟಿದವನು, ಮರ ಕೊಯ್ಯುವ ಕಾರ್ಖಾನೆ ಬಿಟ್ಟು ತಂಗಿ ಲಿಸೆಟ್‌ಳ ಮನೆಯಲ್ಲಿದ್ದಾನೆ. ವ್ಯಾಯಾಮ ಹೇಳಿಕೊಡುವ ಆಸ್ಪತ್ರೆಯ ಹುಡುಗಿ, "ಓಡಾಡ್ತಾ ಇರಿ, ಕೂತ್ರೆ ಕೆಟ್ರಿ. ಆದ್ರೆ ಮಾರನೇ ಬೆಳಿಗ್ಗೆ ಮೈ ಭಾರ ಅನ್ನಿಸಿದ್ರೆ ಜಾಸ್ತಿ ಆಯ್ತು ಅಂತ ಅರ್ಥ" ಎಂದಿದ್ದಳು. ಕ್ಲೆಮಾನನಿಗೆ ಬುದ್ಧಿ ಬಂದಾಗಿನಿಂದ ಎಲ್ಲ ಬೆಳಿಗ್ಗೆಗಳೂ ಭಾರವೇ. ಹೆಚ್ಚಾಯಿತೋ, ಕಡಿಮೆಯಾಯಿತೋ, ಇಲ್ಲ ಊರವರು ಅನ್ನುವಂತೆ ಬರೀ ಸೋಮಾರಿತನವೋ, ಪಾಪ, ಅವನಿಗೆ ತಿಳಿಯದು. ಲಿಸೆಟ್‌ಳದು ಬೇರೆಯೇ ರಾಗ. "ಇರೋ ಶಕ್ತಿನೂ ಯಾಕೋ ಕಳ್ಕೋತೀಯ ಅಣ್ಣ? ಸುಮ್ನೆ ಬಿದ್ಕೋಬಾರ್ದಾ?"

ಹಿಮದಲ್ಲಿ ನಡೆಯುವುದೂ ಆಸ್ಪತ್ರೆಯ ಸೈಕಲ್ಲೂ ಅವನಿಗೆ ಒಗ್ಗಲಿಲ್ಲ. ಒಗ್ಗಿದ್ದು ಒಂದೇ, ಶುಕ್ರವಾರ ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ನಡೆಯುವ ಕುಣಿತ. ನಾಲ್ಕು ಜೋಡಿ ಚೌಕವಾಗಿ ನಿಲ್ಲುತ್ತಾರೆ, ಪಿಟೀಲು ಶುರುವಾಗುತ್ತದೆ, ಹೆಜ್ಜೆ ಕೂಗುವವನು ಹೇಳಿದಂತೆ ಒಬ್ಬರ ಕೈ ಹಿಡಿದು, ಬಿಟ್ಟು, ಇನ್ನೊಬ್ಬರ ಕೈ ಹಿಡಿಯುತ್ತ ಮೂರು ಸುತ್ತು ಕುಣಿಯಬೇಕು. ಜೋತುಬೀಳುವ ಪಾದಗಳಿಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿ, ಮೇಲೆ ಅಗಲದ ಪ್ಯಾಂಟು ಹಾಕಿ ಅವನು ಬರುತ್ತಿದ್ದ. ಕಾಯಿಲೆಯ ವಿಷಯ ಅಲ್ಲಿ ಯಾರಿಗೂ ಹೇಳಿರಲಿಲ್ಲ.

ತೊಂದರೆ ಬಂದದ್ದು ಕೈಯಿಂದ. ಆ ಕಾಯಿಲೆಯಲ್ಲಿ ಬಿಗಿಹಿಡಿದ ಮುಷ್ಟಿ ಬೇಕೆಂದಾಗ ಬಿಚ್ಚುವುದಿಲ್ಲ. ಒಂದು ಶುಕ್ರವಾರ ಮೂರನೇ ಸುತ್ತಿನಲ್ಲಿ ಎದುರು ಜೋಡಿಯಲ್ಲಿದ್ದ ವಿಧವೆ ಜೆರ್ವೇಜ್‌ಳ ಕೈ ಅವನ ಕೈಯಲ್ಲೇ ಉಳಿದುಬಿಟ್ಟಿತು.

"ಏ ಕ್ಲೆಮಾನ್, ಮನೆಗೇ ಕರ್ಕೊಂಡು ಹೋಗ್ತೀಯೇನೋ? ಬಿಡೋ, ಹಿಂದಿನವ್ರು ಕಾಯ್ತಿದ್ದಾರೆ!" ಎಂದು ಹೆಜ್ಜೆ ಕೂಗುವವನು ಕೂಗಿದ. ನೆಲಮಾಳಿಗೆಯೆಲ್ಲ ಗೊಳ್ಳೆಂದಿತು. ಜೆರ್ವೇಜ್‌ಳ ಮುಖ ಕೆಂಪೇರಿತು. ಅದೇ ಸಂಜೆ ಮೊದಲ ಸುತ್ತಿನಲ್ಲಿ ಬೇರೆ ಹೆಂಗಸರ ಕೈಗೂ ಅವನ ಕೈ ಅಂಟಿಕೊಂಡಿತ್ತು, ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆ ವಾರವಿಡೀ ಅವನಿಗೆ ಊಟ ರುಚಿಸಲಿಲ್ಲ. ನಿಜ ಹೇಳಿದರೆ "ಅಯ್ಯೋ ಪಾಪ" ಎಂದು ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಕುಣಿತ ಹೋದರೆ ಕಾಲೂ ಹೋದಂತೆ. ಹೇಳದಿದ್ದರೆ ಆ ಹೆಂಗಸಿನ ಮನಸ್ಸಿನಲ್ಲಿ ಇಲ್ಲದ ಆಸೆ ಬಿತ್ತಿದಂತೆ. ಕೊನೆಗೆ, ಬಂದದ್ದು ಬರಲಿ ಎಂದುಕೊಂಡು, ಮುಂದಿನ ಶುಕ್ರವಾರ ಕೋಟು ತೂಗುಹಾಕುವ ಮೂಲೆಯಲ್ಲಿ ಅವಳನ್ನು ತಡೆದು ನಿಲ್ಲಿಸಿದ.

"ಜೆರ್ವೇಜ್, ಅವತ್ತು ನಾನು ಬೇಕಂತ ಹಿಡ್ಕೊಂಡಿದ್ದಲ್ಲ. ನಂಗೊಂದು ಕಾಯಿಲೆ ಇದೆ..."

"ಗೊತ್ತು," ಎಂದಳು ಅವಳು. "ನನ್ನ ಗಂಡನಿಗೂ ಅದೇ ಇತ್ತು. ಊರಿಗೆ ಬೆನ್ನುನೋವು ಅಂತ ಹೇಳ್ಕೊಂಡು ಬಂದ್ವಿ, ಅಷ್ಟೆ. ಮೊದಲನೇ ಸುತ್ತಲ್ಲಿ ನೀನು ಹಿಡ್ದಾಗ್ಲೇ ನಂಗೆ ತಿಳೀತು. ಆದ್ರೆ ಕೈ ಆಡ್ತಾ ಆಡ್ತಾ ಬಿಸಿಯಾದ್ರೆ ತಾನಾಗೇ ಸಡಿಲ ಆಗುತ್ತೆ, ನಂಗೂ ಗೊತ್ತು, ನಿಂಗೂ ಗೊತ್ತು. ಮೂರನೇ ಸುತ್ತಿಗೆ ಬೇರೆಯವ್ರ ಕೈಯೆಲ್ಲ ಸಲೀಸಾಗಿ ಬಿಟ್ಟೆ. ನಂದು ಮಾತ್ರ ಬಿಡ್ಲಿಲ್ಲ. ಅದ್ಯಾವ ಕಾಯಿಲೆ ಮಾರಾಯ?"

ಹೌದಲ್ಲ, ಮೂರನೇ ಸುತ್ತಿನಲ್ಲಿ ಏನಾಗಿತ್ತು? ಕ್ಲೆಮಾನನಿಗೆ ನಾಚಿಕೆಯೂ ಆಯಿತು, ಎಲ್ಲೋ ಒಳಗೆ ಖುಷಿಯೂ ಆಯಿತು.

"ಗೊತ್ತಿಲ್ಲ," ಎಂದ. ನಿಜವಾಗಿಯೂ ಗೊತ್ತಿರಲಿಲ್ಲ.

ಅವಳ ಕಣ್ಣು ತುಂಬಿ ಬಂತು. "ಒಬ್ಬನ್ನ ಎತ್ತಿ ಕೂರ್ಸಿ, ಎತ್ತಿ ಮಲಗ್ಸಿ ನನ್ನ ಸೊಂಟ ಬಿದ್ದೋಗಿದೆ. ಇನ್ನೊಬ್ಬನ್ನ ಎತ್ತೋಕೆ ನನ್ ಕೈಲಾಗಲ್ಲ. ತಿಳೀತಾ?" ಎಂದು ಒಳಗೆ ನಡೆದೇಬಿಟ್ಟಳು.

ಬೇಡ ಎಂದಳೋ? ಕುಣಿಯುತ್ತಲೇ ಇರು ಎಂದಳೋ? ಈ ಕಾಲುಗಳು ಇನ್ನೆಷ್ಟು ಚಳಿಗಾಲ ತಡೆಯುತ್ತವೆ ಎಂದು ಅವನೇ ಅರಿಯ, ಅವಳಿಗೇನು ಮಾತು ಕೊಟ್ಟಾನು? ಪಿಟೀಲು ಶುರುವಾಯಿತು. ಪಟ್ಟಿ ಬಿಗಿಮಾಡಿಕೊಂಡು ಒಳಗೆ ಹೋದರೆ, ಜೆರ್ವೇಜ್ ಎದುರು ಜೋಡಿಯಲ್ಲಿರಲಿಲ್ಲ. ಅವನ ಪಕ್ಕದ ಜಾಗದಲ್ಲಿ ನಿಂತು, ಅವನ ಕಡೆ ನೋಡದೆ, ಕೈ ಚಾಚಿದ್ದಳು.