ಅಜ್ಜಿಯ ಬೆಲ್ಲಕ್ಕೆ ಆನೆ ಸಿಕ್ಕಿತು

ಸ್ನೇಹಿತರೇ, ಇವತ್ತು ನನ್ನ ಟೂರಿಸ್ಟ್ ಜೀಪಿಗೆ ಬಂದವರು ಅರಸೀಕೆರೆಯ ಒಬ್ಬ ಅಜ್ಜಿ. ಸೆರಗಿನಲ್ಲಿ ಒಂದು ಅಚ್ಚು ಬೆಲ್ಲ. "ಆನೆಗೆ ಕಣಪ್ಪಾ" ಅಂದರು. ನಾಗರಹೊಳೆ ಸಫಾರಿಯಲ್ಲಿ "ಕಾಡುಪ್ರಾಣಿಗೆ ಏನೂ ಕೊಡಬಾರದು ಅಜ್ಜಿ" ಅಂದೆ. ಕೊಡೋಣ ಅಂದರೂ ಆನೆ ಕಾಣಲೇ ಇಲ್ಲ.

ಮಧ್ಯಾಹ್ನ ಮಡಿಕೇರಿ ಕೋಟೆಯ ಕಲ್ಲಾನೆಗಳ ಮುಂದೆ ನಿಂತು, "ರಾಜ ಸಿಟ್ಟಲ್ಲಿ ಎರಡು ಆನೆ ಕೊಲ್ಲಿಸಿ, ಆಮೇಲೆ ನೊಂದು ಇವನ್ನು ಮಾಡಿಸಿದನಂತೆ" ಅಂತ ಕಥೆ ಹೇಳಿದೆ. "ಅಯ್ಯೋ ಪಾಪ!" ಅಜ್ಜಿ ಸೊಂಡಿಲ ಕೆಳಗೆ ಬೆಲ್ಲ ಇಟ್ಟೇಬಿಟ್ಟರು.

ಕಾವಲುಗಾರ ಓಡಿ ಬಂದ. "ಇಲ್ಲಿ ಏನೂ ಇಡಬಾರದು ಅಜ್ಜಿ, ಇರುವೆ ಮುತ್ತುತ್ತೆ."

"ಬದುಕಿರೋದಕ್ಕೂ ಬೇಡ, ಸತ್ತಿರೋದಕ್ಕೂ ಬೇಡ ಅಂದ್ರೆ ಯಾವ ಆನೆಗಪ್ಪಾ ಕೊಡ್ಲಿ?"

"ನಮಗೇ ಕೊಡಿ ಅಜ್ಜಿ" ಅಂತ ನಾನೂ ಕಾವಲುಗಾರನೂ ಕೈ ಚಾಚಿದೆವು. ಅಜ್ಜಿ ಬೆಲ್ಲ ಮುರಿದು ಕೊಟ್ಟು, ನಮ್ಮಿಬ್ಬರ ಡೊಳ್ಳು ಹೊಟ್ಟೆ ನೋಡಿ, "ಸರಿ, ಬಂದ ಕೆಲಸ ಆಯ್ತು" ಅಂದರು.