ಬಸಿಯಬೇಕಿದ್ದ ನೀರು

ಕೆಸರಿನಿಂದ ಕರೆಂಟು ತೆಗೆಯುತ್ತೇನೆಂದು ಹೊರಟವನು ನಾನು. ಮಂಡ್ಯದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುತ್ತ ಪಿಎಚ್‌ಡಿಗೆ ಹಿಡಿದ ವಿಷಯ ಅದು. ಭತ್ತದ ಗದ್ದೆಯಲ್ಲಿ ನಿಂತ ನೀರಿನಡಿ, ಬೇರಿನ ಸುತ್ತ, ಕಣ್ಣಿಗೆ ಕಾಣದ ಜೀವಿಗಳಿರುತ್ತವೆ. ಬೇರಿನಿಂದ ಒಸರಿದ್ದನ್ನು ತಿಂದು ಅವು ಚೂರುಪಾರು ವಿದ್ಯುತ್ತು ಹೊರಹಾಕುತ್ತವೆ. ಕೆಸರಲ್ಲೊಂದು, ಮೇಲಿನ ನೀರಲ್ಲೊಂದು ಇಂಗಾಲದ ಬಟ್ಟೆ ಇಟ್ಟು ತಂತಿ ಎಳೆದರೆ ಮೀಟರಿನ ಅಂಕಿ ಏರುತ್ತದೆ. ಕಡಲೆಕಾಳಿನಷ್ಟು ದೀಪವೊಂದು ಹೊತ್ತಿದ ದಿನ ನಾನು ಗದ್ದೆಬದುವಿನ ಮೇಲೇ ಕುಣಿದಿದ್ದೆ.

ಆ ಗದ್ದೆ ಯಲಿಯೂರಿನ ದೊಡ್ಡವ್ವನದು. ನಮ್ಮಮ್ಮನ ಅಕ್ಕ ಅವರು. ಮೂಲೆಯ ಆ ತಾಕಿನಲ್ಲಿ ಪ್ರತಿವರ್ಷ ತಮ್ಮ ಅತ್ತೆ ಕೊಟ್ಟುಹೋದ ಕೆಂಪು ಭತ್ತ ಹಾಕುತ್ತಿದ್ದರು. ಮಾರುವುದಕ್ಕಲ್ಲ, ಮನೆಯ ಬಾಣಂತಿಯರ ಗಂಜಿಗೆ. ಊರಲ್ಲಿ ಬೇರೆ ಯಾರ ಬಳಿಯೂ ಆ ತಳಿ ಉಳಿದಿರಲಿಲ್ಲ. ಈ ವರ್ಷ ಬೆಳೆದದ್ದರಲ್ಲೇ ಮುಂದಿನ ವರ್ಷದ ಬಿತ್ತನೆಗೆ ಎತ್ತಿಡಬೇಕು. ಹಳೆಯ ಬೀಜ ಮೊಳೆಯುವುದಿಲ್ಲವೆಂದು ಮಿಕ್ಕಿದ್ದನ್ನು ಅವರು ಕುಟ್ಟಿಸಿಬಿಡುತ್ತಿದ್ದರು.

ತೆನೆ ಬಾಗಿ ಬಣ್ಣ ತಿರುಗಿದ ಮೇಲೆ ಬದು ಕಡಿದು ನೀರು ಬಸಿಯಬೇಕೆಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ದೊಡ್ಡವ್ವ ಗುದ್ದಲಿ ಹಿಡಿದು ಬಂದ ದಿನ ನನ್ನ ಮೀಟರು ಅಲ್ಲಿಯವರೆಗೆ ತೋರಿಸದ ಅಂಕಿ ತೋರಿಸುತ್ತಿತ್ತು.

"ಇನ್ನೊಂದ್ ಎಂಟು ದಿನ ಬುಡು ದೊಡ್ಡವ್ವ. ನೀರು ತೆಗುದ್ರೆ ಕರೆಂಟೂ ಓಯ್ತದೆ," ಎಂದೆ.

"ಬುಡ ಮೆತ್ತಗಾದ್ರೆ ಪೈರು ಮಲಿಕತ್ತದೆ ಕಣ್ ಮಗ."

"ಏನೂ ಆಗಕಿಲ್ಲ."

"ಓದಿರೋನು ನೀನು. ನಿಂಗ್ ಗೊತ್ತಿರ್ತದೆ ಬುಡು," ಎಂದು ಬಂದ ದಾರಿಯಲ್ಲೇ ಹೊರಟುಹೋದರು.

ಗೊತ್ತಿತ್ತು, ಅದೇ ನಾಚಿಕೆಗೇಡು. ನಾನೇನು ಪೇಟೆಯಲ್ಲಿ ಹುಟ್ಟಿದವನಲ್ಲ. ನಾಟಿಯಿಂದ ಒಕ್ಕಣೆಯವರೆಗೆ ಎಲ್ಲ ಮಾಡಿದವನು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಆ ಬೆಕ್ಕು ನಾನೇ. ದಿನಾ ಬೆಳಗ್ಗೆ ಬೈಕಿನಲ್ಲಿ ಹೋಗಿ ಅಂಕಿ ಬರೆದುಕೊಂಡು, ಏರುತ್ತಿರುವ ಗೆರೆ ನೋಡಿ ಹಿಗ್ಗಿ ಬರುತ್ತಿದ್ದೆ.

ಆರನೆಯ ದಿನ ಮಧ್ಯಾಹ್ನ ಗಾಳಿಮಳೆ ಹೊಡೆಯಿತು. ಸುತ್ತಲಿನ ಬಸಿದ ಗದ್ದೆಗಳು ನಿಂತೇ ಇದ್ದವು. ನಮ್ಮ ತಾಕು ಮಾತ್ರ ಚಾಪೆ ಹಾಸಿದಂತೆ ನೀರಿನ ಮೇಲೆ ಮಲಗಿತು. ಮಳೆ ಬಿಡಲಿಲ್ಲ. ಕುಡುಗೋಲು ಹಾಕುವ ಹೊತ್ತಿಗೆ ತೆನೆಯಲ್ಲೇ ಭತ್ತ ಮೊಳೆತು ಬೆಳ್ಳಗೆ ಬೇರು ಬಿಟ್ಟಿತ್ತು. ಮೊಳೆತದ್ದನ್ನೇ ಆಗಲೇ ಒಟ್ಟಲು ಹಾಕಿ, ಸಸಿ ಮಾಡಿ ಉಳಿಸೋಣವೆಂದರೆ ಕಾಲುವೆ ನೀರು ನಿಲ್ಲುವ ಸಮಯ. ದೊಡ್ಡವ್ವ ಮೊರ ಇಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತು ಒಂದೊಂದೇ ತೆನೆ ಬಿಡಿಸಿ ನೋಡಿದರು. ನಾನೂ ಎದುರಿಗೆ ಕೂತು ಹುಡುಕಿದೆ. ಸಂಜೆಯಾದರೂ ಬೀಜಕ್ಕಾಗುವಂಥದ್ದು ಒಂದು ಹಿಡಿಯೂ ಸಿಗಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಬೈಯಲಿಲ್ಲ.

ಮೊರ ಕೊಡವಿಕೊಂಡು ಏಳುತ್ತ ಕೇಳಿದರು: "ನಿನ್ ಓದಿಗೆ ಬೇಕಾದ್ದು ಸಿಕ್ತಾ ಮಗ?"

"ಸಿಕ್ತು ದೊಡ್ಡವ್ವ."

ಅವರು ಬದು ಕಡಿಯಲು ಬಂದ ದಿನಕ್ಕೂ ಮೊದಲೇ ಸಿಕ್ಕಿತ್ತು. ಇಷ್ಟು ಸಾಕೆಂದು ನನ್ನ ಮಾರ್ಗದರ್ಶಕರು ಆಗಲೇ ಹೇಳಿದ್ದರು.

"ಸದ್ಯ," ಎಂದರು ಅವರು. "ನಿಂಗಾದ್ರೂ ಆಯ್ತಲ್ಲ, ಬುಡು."